ಹಗೇವಿನಲ್ಲಿಟ್ಟ ದೋಣಿ

೧೪ ನವೆಂಬರ್ ೧೯೪೯, ಸೋಮವಾರ. ಸುರಪುರ

ಆದರೆ ದೋಣಿ ಉಳಿಯಿತಲ್ಲ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಿನ್ನೆ ಇಲ್ಲಿಗೇ ನಿಲ್ಲಿಸಿದ್ದೆ, ದೀಪದ ಬತ್ತಿ ಮುಗಿದಿತ್ತು. ಹೋದ ವರ್ಷ ಸೆಪ್ಟೆಂಬರಿನಲ್ಲಿ, ಹಳೆಯ ಸರಕಾರ ಬಿದ್ದ ಗಲಾಟೆಯಲ್ಲಿ, ಈ ಸೀಮೆಯಲ್ಲಿ ಏನು ಉಳಿಯಿತು? ಬಂಡಿ ಹೋದವು, ಬಾಗಿಲು ಹೋದವು, ದಫ್ತರದ ಕುರ್ಚಿ ಸಹ ಹೋಯಿತು. ಬೋನಾಳ ಕೆರೆಯ ಸರಕಾರಿ ದೋಣಿ, ಹದಿನಾರು ಅಡಿ ಉದ್ದದ ತೇಗದ ದೋಣಿ, ಹಿಂದೆ ದೊಡ್ಡ ಸಾಹೇಬರು ಬಾತುಕೋಳಿ ಬೇಟೆಗೆ, ಅವರ ಹೆಂಗಸರು ಸಂಜೆಯ ಹವಾಕ್ಕೆ ಕೂತು ತಿರುಗುತ್ತಿದ್ದ ದೋಣಿ, ಒಂದು ಮೊಳೆ ಕಳೆಯದೆ ಉಳಿಯಿತು. ಉಳಿಸಿದವನು ಕೆರೆಯ ಓವರ್‌ಸಿಯರ್ ದೇವಿಂದ್ರಪ್ಪ, ಅಂದರೆ ನಾನು.

ಹೇಗೆ ಉಳಿಸಿದೆ ಎಂಬುದನ್ನು ಒಮ್ಮೆ ಸರಿಯಾಗಿ ಬರೆದಿಡಬೇಕು. ನಮ್ಮ ಹಿರಿಯರು ಜೋಳವನ್ನು ಹೇಗೆ ಉಳಿಸುತ್ತಿದ್ದರು? ನೆಲದಲ್ಲಿ ಹಗೇವು ತೋಡಿ, ಸುತ್ತ ಹುಲ್ಲು ಕೊಟ್ಟು, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಮೇಲೆ ಕಟ್ಟೆ ಹಾಕಿ ಕೂತುಬಿಡುತ್ತಿದ್ದರು. ನಾನೂ ಅದನ್ನೇ ಮಾಡಿದೆ. ಕೆರೆಯ ಹಾಳು ಚೌಕಿಯೊಳಗೆ ನೆಲ ಅಗೆಸಿ, ನೀರಿನಿಂದ ಎಳೆಸಿದ ದೋಣಿಯನ್ನು ಅದರಲ್ಲಿ ಇಳಿಸಿ, ಒಳಗೂ ಹೊರಗೂ ಜೋಳದ ಒಣ ದಂಟು, ಕಣಿಕಿ ತುರುಕಿ, ಬಾಯಿ ಮುಚ್ಚಿದೆ. ಸಗರದ ಇಬ್ಬರು ಕೂಲಿಗಳು ಅಗೆದು ಮರುದಿನವೇ ಊರು ಬಿಟ್ಟರು. ಮಣ್ಣು, ಸಗಣಿ ಮೆತ್ತಿದವಳು ನನ್ನ ಹೆಂಡತಿ ರೇಣಮ್ಮ. ಅಂಗೈಯಿಂದ ಸವರಿ ಸವರಿ ಕನ್ನಡಿಯಂತೆ ಮಾಡಿದ್ದಳು. ಅವಳು ತೀರಿಹೋಗಿ ಬರುವ ಮೇ ತಿಂಗಳಿಗೆ ವರ್ಷ… ಅದು ಬೇಡ. ಗುಟ್ಟಿನ ಕೆಲಸವಾದ್ದರಿಂದ ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಈಗ ಧಾರವಾಡದ ಕಡೆಯಿಂದ ಹೊಸ ಇಂಜಿನಿಯರ್ ಸಾಹೇಬರು ಬಂದಿದ್ದಾರೆ. ಇಪ್ಪತ್ತೆಂಟರ ಹುಡುಗ, ತಲೆಗೆ ಸೋಲಾ ಹ್ಯಾಟು. ಬರುವ ಜನವರಿ ಇಪ್ಪತ್ತಾರಕ್ಕೆ ಗಣರಾಜ್ಯವಂತೆ, ಅಂದು ಶಾಲೆಯ ಮಕ್ಕಳನ್ನು ಕೂರಿಸಿ ದೋಣಿಯನ್ನು ಕೆರೆಯಲ್ಲಿ ಬಿಡಬೇಕಂತೆ. ದೋಣಿ ಇದೆಯೇ ಎಂದು ಕೇಳಿದರು. ಇಂಟರ್‌ಮೀಡಿಯೆಟ್ ಎರಡು ವರ್ಷ ಓದಿದವನು ನಾನು, ಎದೆ ಸೆಟೆಸಿ ಇಂಗ್ಲಿಷಿನಲ್ಲೇ ಹೇಳಿದೆ, ಸರ್, ಇಟ್ ಈಸ್ ಇನ್ ಪರ್ಫೆಕ್ಟ್ ಪ್ರಿಸರ್ವೇಶನ್.

ನಾಡಿದ್ದು ತೆರೆಯುತ್ತೇವೆ.

೧೬ ನವೆಂಬರ್, ಬುಧವಾರ

ತೆರೆದೆವು. ಮೇಲಿನ ಮಣ್ಣಿಗೆ ಹಾರೆ ಹಾಕುವಾಗ ನಾನು ಹೊರಗೆ ಹೋಗಿ ಕೆರೆ ನೋಡುತ್ತ ನಿಂತೆ. ಒಳಗಿಂದ ಹಗೇವಿನದೇ ವಾಸನೆ ಬಂತು, ಮುಗ್ಗಿದ, ಬೆಚ್ಚಗಿನ ವಾಸನೆ. ಗಾಳಿ ಆಡಲಿ ಎಂದು ಒಂದು ತಾಸು ಯಾರೂ ಇಳಿಯಲಿಲ್ಲ.

ಎತ್ತಿದಾಗ ದೋಣಿಯ ಬಣ್ಣ ಹಾಗೇ ಇತ್ತು. ನೋಡಿದಿಯಾ ಎಂದು ಲಾಡ್ಲೇಸಾಬನನ್ನು ಕೇಳಿದೆ. ಇಪ್ಪತ್ತೆರಡು ವರ್ಷ ಈ ದೋಣಿಗೆ ಹುಟ್ಟು ಹಾಕಿದ ನಾವಾಡಿ ಅವನು. ಬಗ್ಗಿ, ಹಿಂಬದಿಯ ತಳದ ಹಲಗೆಗೆ ಹೆಬ್ಬೆರಳು ಒತ್ತಿದ. ಬೆರಳು ಕಣಕದೊಳಗೆ ಹೋದಂತೆ ಹೋಯಿತು.

ಅವನ ಹೆಂಡತಿ ಚಮನಬೀ ಚಹಾ ತಂದಿದ್ದಳು. ಈಗಷ್ಟೇ ಕುಡಿದು ಬಂದೆ ಎಂದೆ. ಕುಡಿದಿರಲಿಲ್ಲ. ನಾನು ಅವರ ಮನೆಯದನ್ನು ಕುಡಿಯುವವನಲ್ಲ ಎಂದು ಅವಳಿಗೂ ಗೊತ್ತು.

ಇಷ್ಟೇ ಇವತ್ತು.

೨೦ ನವೆಂಬರ್, ಭಾನುವಾರ

ಕಕ್ಕೇರಾದಿಂದ ಬಡಿಗ ಮೋನಪ್ಪ ಬಂದ. ಬಂಡಿಯ ಗಾಲಿ ಮಾಡುವವನು, ದೋಣಿ ಮುಟ್ಟಿದವನಲ್ಲ, ಆದರೆ ಕಟ್ಟಿಗೆಯ ಜಾತಕ ಓದಬಲ್ಲ. ಕೊಡತಿ, ಮರದ ಸುತ್ತಿಗೆ, ಹಿಡಿದು ಗೇಣಿಗೊಂದು ಪೆಟ್ಟು ಹಾಕುತ್ತ ದೋಣಿ ಸುತ್ತಿದ. ಒಳ್ಳೆಯ ಕಡೆ ಟಣ್ ಎನ್ನುತ್ತದೆ. ಕೆಟ್ಟ ಕಡೆ ಒದ್ದೆ ಮೂಟೆಗೆ ಹೊಡೆದಂತೆ ಬೊದ್. ಬೊದ್ ಎಂದಲ್ಲೆಲ್ಲ ಕೆಮ್ಮಣ್ಣಿನಿಂದ ಗೆರೆ ಎಳೆದ. ತಳದ ಎರಡು ಹಲಗೆ, ಒಳಗಿನ ಪಕ್ಕೆಗಳಲ್ಲಿ ಮೂರು, ಹಿಂಬದಿಯ ಅಡ್ಡಹಲಗೆಯ ಅರ್ಧ. ಉಳಿದದ್ದು ಗಟ್ಟಿ. ಮೇಲೆ ಬಣ್ಣ ಇದ್ದುದರಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ನಾನು ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಸಾಹೇಬರು ಬಂದರು. ಗೆರೆಗಳನ್ನು ನೋಡಿ ಮುಖ ಸಣ್ಣದಾಯಿತು. ದೋಣಿ ಯಾರ ತಾಬೆಯಲ್ಲಿತ್ತು ಎಂದರು. ರಿಜಿಸ್ಟರ್ ತರಿಸಿದರು. ಅದರಲ್ಲಿ ಲಾಡ್ಲೇಸಾಬನ ಹೆಸರಿದೆ. ಹೋದ ವರ್ಷದ ಗಲಾಟೆಯಲ್ಲಿ ಅವನು ಹೆಂಡತಿಯನ್ನು ಕರೆದುಕೊಂಡು ಗೋಗಿಗೆ, ಅವಳ ತವರಿಗೆ ಹೋದವನು ಡಿಸೆಂಬರಿಗೆ ಬಂದದ್ದೂ ಇದೆ. ಗೈರುಹಾಜರಿ ಮೂರು ತಿಂಗಳು. ಹಳೆಯ ಸರಕಾರದ ನೌಕರರನ್ನು ಒಬ್ಬೊಬ್ಬರನ್ನಾಗಿ ಜರಡಿ ಹಿಡಿಯುತ್ತಿರುವ ಕಾಲ ಇದು. ನಿರ್ಲಕ್ಷ್ಯದಿಂದ ಸರಕಾರಿ ಸ್ವತ್ತು ಕೊಳೆಯಿತು ಎಂದು ಒಂದು ವರದಿ ಹೋದರೆ ನಾವಾಡಿಯನ್ನು ಕೆಲಸದಿಂದ ತೆಗೆಯುತ್ತಾರೆ. ವರದಿಯನ್ನು ನಾನೇ ಬರೆಯಬೇಕಂತೆ, ಈ ಸೆಕ್ಷನ್ನಿನಲ್ಲಿ ನನ್ನಷ್ಟು ಇಂಗ್ಲಿಷ್ ಯಾರಿಗೂ ಇಲ್ಲವೆಂದು ಸಾಹೇಬರೇ ಅಂದರು. ಜನವರಿ ಐದರೊಳಗೆ ಕೊಡಬೇಕು.

ಹಗೇವಿನ ಮಾತು ನಾನು ಎತ್ತಲಿಲ್ಲ. ಹೇಳುವ ಸಂದರ್ಭವೂ ಇರಲಿಲ್ಲ, ಅವರು ಜೀಪು ಹತ್ತಿಬಿಟ್ಟಿದ್ದರು.

೨೭ ನವೆಂಬರ್, ಭಾನುವಾರ

ವರದಿಗೆ ಒಂದು ಒಳ್ಳೆಯ ಸಾಲು ಹೊಳೆಯಿತು. ದ ಬೋಟ್‌ಮನ್ ಹ್ಯಾವಿಂಗ್ ಆಬ್ಸೆಂಟೆಡ್ ಹಿಮ್‌ಸೆಲ್ಫ್, ದ ಟಿಂಬರ್ ವಾಸ್ ಲೆಫ್ಟ್ ಟು ಇಟ್ಸ್ ಓನ್… ಮುಂದಿನ ಶಬ್ದ ನೆನಪಾಗಲಿಲ್ಲ. ಕಾಲೇಜಿನಲ್ಲಿ ನಮ್ಮ ಮಾಸ್ತರರು ಹ್ಯಾವಿಂಗ್ ಇರುವ ವಾಕ್ಯಕ್ಕೆ ಒಂದು ಗಂಭೀರತೆ ಇರುತ್ತದೆ ಎನ್ನುತ್ತಿದ್ದರು. ಸುಳ್ಳೇನೂ ಇಲ್ಲ ಅದರಲ್ಲಿ. ಅವನು ಇರಲಿಲ್ಲ, ಅದು ನಿಜ.

ದೋಣಿಯನ್ನು ಬೇವಿನ ಗಿಡದ ನೆರಳಿಗೆ ತಂದು ನಾಲ್ಕು ಕಲ್ಲುಗಳ ಮೇಲೆ ಬೋರಲು ಹಾಕಿದ್ದೇವೆ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದಲ್ಲ ಎಂದೆ. ಮೋನಪ್ಪ ಒಪ್ಪಲಿಲ್ಲ, ಬಿಸಿಲಿಗೆ ತೇಗ ಸೀಳುತ್ತದೆ, ಅದಕ್ಕೆ ಬೇಕಾದದ್ದು ಗಾಳಿ ಎಂದ. ಕೊಳೆತದ್ದನ್ನಷ್ಟೇ ಕೊಯ್ಯಿ, ಸರಕಾರಿ ತೇಗ ಅದು, ಹಾಳು ಮಾಡಬೇಡ ಎಂದೂ ಹೇಳಿದೆ. ಅದಕ್ಕೂ ಒಪ್ಪಲಿಲ್ಲ. ಕೊಳೆತ ಕಡೆಯಿಂದ ಒಂದು ಗೇಣು ಆಚೆಗೆ, ಗಟ್ಟಿಯಾದ ಕಟ್ಟಿಗೆಯನ್ನೂ ಸೇರಿಸಿ ಕೊಯ್ಯಬೇಕಂತೆ. ಕಣ್ಣಿಗೆ ಕಾಣದ ಬೂಷ್ಟು ಅಲ್ಲಿಯವರೆಗೆ ಹೋಗಿರುತ್ತದೆ, ಅಲ್ಲೇ ನಿಂತರೆ ಹೊಸ ಹಲಗೆಯನ್ನೂ ತಿನ್ನುತ್ತದೆ. ಬಹಳ ಹೊತ್ತು ವಾದಿಸಿದೆ. ಅವನು ಗರಗಸಕ್ಕೆ ಎಣ್ಣೆ ಹಚ್ಚುತ್ತ ಕೂತ. ಕೊನೆಗೆ ಅವನು ಹೇಳಿದಲ್ಲೇ ಕೊಯ್ದ.

ಕೊಯ್ದ ತುಂಡನ್ನು ಕೈಯಲ್ಲಿ ಮುರಿದ. ರೊಟ್ಟಿಯಂತೆ ಚೌಕ ಚೌಕವಾಗಿ ಮುರಿಯಿತು. ಒಳಗೆ ಇನ್ನೂ ಕಣಿಕಿಯ ಎಳೆಗಳು ಅಂಟಿದ್ದವು. ಪಕ್ಕೆಗಳ ಬುಡದಲ್ಲಿ ನೀರು ಹರಿಯಲೆಂದು ಇಲಿಬಿಲದಂಥ ಸಣ್ಣ ತೂತುಗಳಿವೆ, ಅವೂ ಕಣಿಕಿಯಿಂದ ಕಟ್ಟಿಕೊಂಡಿದ್ದವು. ಅದನ್ನು ಹಿರಿದು ಹಿರಿದು ತೆಗೆಯುತ್ತ ಅವನು ಹೇಳಿದ ಮಾತನ್ನು ಇಲ್ಲಿ ಇದ್ದಂತೆ ಬರೆಯುತ್ತೇನೆ.

“ನೀರಾಗ ಮುಳುಗಿದ ಕಟ್ಟಿಗಿ ಕೊಳೆಯಂಗಿಲ್ರಿ. ಒಣಗಿದ್ದೂ ಕೊಳೆಯಂಗಿಲ್ಲ. ಹಸೀದ ಇದ್ದಾಗ ಗಾಳಿ ಕಟ್ಟಿದ್ರ ಕೊಳೀತದ. ಯಾವ ಶ್ಯಾಣ್ಯಾ ಇದನ್ನ ಹಗೇವಿನ್ಯಾಗ ಹಾಕಿದ್ದ?”

ನಾನು ನೆಲ ನೋಡಿದೆ. ಲಾಡ್ಲೇಸಾಬ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ತಲೆ ಎತ್ತದೆ ಅಂದ, “ಕಾಲ ಅಂಥಾದ್ದಿತ್ತು, ಮೋನಪ್ಪ. ನಿನ್ನ ಕೆಲಸ ನೀ ನೋಡು.”

ಅವನು ಯಾಕೆ ಹಾಗಂದ? ನನ್ನನ್ನು ಕಾಪಾಡಲು ನಾನೇನು ಅವನನ್ನು ಕೇಳಿದ್ದೆನೆ? ಸಿಟ್ಟು ಬಂತು. ಈಗಲೂ ಇದೆ.

೩ ಡಿಸೆಂಬರ್

ಜ್ವರ. ನಿನ್ನೆಯ ರೊಟ್ಟಿ, ಉಪ್ಪಿನಕಾಯಿ. ವರದಿ ಬರೆಯಲಿಲ್ಲ. ಅವಳು ಇದ್ದಿದ್ದರೆ ಹಣೆ ಮುಟ್ಟಿ ನೋಡಿ, ಏನೂ ಆಗಿಲ್ಲ ಏಳ್ರಿ ಅನ್ನುತ್ತಿದ್ದಳು. ಎದ್ದುಬಿಡುತ್ತಿದ್ದೆ.

೧೨ ಡಿಸೆಂಬರ್, ಸೋಮವಾರ

ಇವತ್ತು ರೋಗನ್ನು, ಅಂದರೆ ದೋಣಿಗೆ ಬಳಿಯುವ ಎಣ್ಣೆಯ ವಾರ್ನಿಶು, ಕಾಸಿದೆವು. ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಕುಸುಬಿ ಎಣ್ಣೆಯನ್ನು ಮಣ್ಣಿನ ಗಡಿಗೆಯಲ್ಲಿ, ಬಯಲಲ್ಲಿ, ಮನೆಯಿಂದ ದೂರ, ಮಂದ ಉರಿಯಲ್ಲಿ ಕಾಸುತ್ತ ಹೋಗಬೇಕು. ಮೊದಲು ನೊರೆ, ಆಮೇಲೆ ಹೊಗೆ, ಆಮೇಲೆ ಎಣ್ಣೆ ಜೇನಿನಂತೆ ಮಂದವಾಗುತ್ತದೆ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಉಂಡೆಯಾಗಬೇಕು. ಹಿಂದೆ ಬಾವಿಯಿಂದ ನೀರೆತ್ತುವ ತೊಗಲ ಚೀಲಕ್ಕೆ ಇದನ್ನೇ ಹಚ್ಚುತ್ತಿದ್ದರು. ಚಮನಬೀ ಸೆರಗು ಮೂಗಿಗೆ ಕಟ್ಟಿ ಮೂರು ತಾಸು ಗಡಿಗೆಯ ಮುಂದಿನಿಂದ ಅಲುಗಲಿಲ್ಲ. ನಾನು ಒಮ್ಮೆ ಕಟ್ಟಿಗೆ ಹೆಚ್ಚು ಒಟ್ಟಿದೆ. ಎಣ್ಣೆ ಉಕ್ಕಿತು. “ಸರೀರಿ ಸಾಹೇಬ್ರ,” ಅಂದಳು, “ಇದು ದಫ್ತರ ಅಲ್ಲ, ಇಲ್ಲಿ ಅವಸರ ಮಾಡಿದ್ರ ಮಾರಿ ಸುಡ್ತದ.” ಮೋನಪ್ಪ ನಕ್ಕುಬಿಟ್ಟ. ನಾನೂ.

ಚಹಾ ಕುಡಿದೆವು, ಮತ್ತೆ ಕೆಲಸ. ಪಕ್ಕೆಗಳ ತುದಿಗೆ ಬೇವಿನ ಎಣ್ಣೆಯನ್ನು ನಾನೇ ಹಚ್ಚಿದೆ, ಒಂದರ ಮೇಲೊಂದು ಏಳು ಸಲ, ಕುಡಿಯುವಷ್ಟು ಕುಡಿಯಲಿ ಎಂದು. ಕಟ್ಟಿಗೆ ಅಡ್ಡಕ್ಕೆ ಕೊಯ್ದ ತುದಿಯಲ್ಲೇ ನೀರು ಹೀರುತ್ತದೆ, ಕೊಳೆ ಶುರುವಾಗುವುದೂ ಅಲ್ಲೇ. ಹಳೆಯ ದೋಣಿ ಮಾಡಿದವರು ಆ ತುದಿಗಳನ್ನು ಒಣದಾಗಿ ಬಿಟ್ಟಿದ್ದರು. ನಾವು ಬಿಟ್ಟಿಲ್ಲ. ಬೆರಳ ಉಗುರುಗಳೆಲ್ಲ ಹಳದಿಯಾಗಿವೆ, ತೊಳೆದರೂ ಹೋಗುತ್ತಿಲ್ಲ. ಯಾಕೋ ತೊಳೆಯಬೇಕೆಂದೂ ಅನ್ನಿಸುತ್ತಿಲ್ಲ.

ಸಾಹೇಬರು ವರದಿ ಎಲ್ಲಿಗೆ ಬಂತು ಎಂದು ಹೇಳಿಕಳಿಸಿದ್ದರು. ಅರ್ಧ ಆಗಿದೆ ಎಂದೆ.

೨೪ ಡಿಸೆಂಬರ್, ಶನಿವಾರ

ಒಂದು ವಾರ ಕೆಲಸ ನಿಂತಿತ್ತು, ತೇಗ ಸಿಗದೆ. ಯಾದಗಿರಿಯವರೆಗೂ ಕೇಳಿಸಿದೆ, ಆರು ತಿಂಗಳು ನೆರಳಲ್ಲಿ ಒಣಗಿದ ಹಲಗೆ ಎಲ್ಲೂ ಇಲ್ಲ. ಹಸಿ ಹಲಗೆ ಹಾಕಿದರೆ ಮತ್ತೆ ಅದೇ ಕಥೆ. ಕೊನೆಗೆ ದಾರಿ ತೋರಿಸಿದವನು ಲಾಡ್ಲೇಸಾಬ. ದೋಣಿಯ ಹಿಂಬದಿಯಲ್ಲಿ ದೊಡ್ಡ ಸಾಹೇಬರು ಕೂರುವ ಪೀಠವಿದೆ, ಕೈ ಇಡಲು ಕೆತ್ತನೆಯ ತೋಳು, ಬೆನ್ನಿಗೆ ಎತ್ತರದ ಹಲಗೆ. ಎಲ್ಲ ಒಂದೇ ಮರದ ತೇಗ, ಇಪ್ಪತ್ತೈದು ವರ್ಷ ಒಣಗಿದ್ದು. ಅದನ್ನು ಕಿತ್ತು ತಳಕ್ಕೆ ಹಾಕೋಣ ಎಂದ.

ಸಾಹೇಬರ ಜಾಗ ಅದು ಎಂದೆ. ಎಷ್ಟು ಸಲ ಆ ಪೀಠದ ಗಾದಿ ಜಾಡಿಸಿಕೊಟ್ಟು ದಂಡೆಯಲ್ಲಿ ಕೈಕಟ್ಟಿ ನಿಂತಿದ್ದೇನೆ.

“ಬರೂ ಸಾಹೇಬ್ರು ಯಾರ್ರಿ ಈಗ,” ಅಂದ ಲಾಡ್ಲೇಸಾಬ, “ಎಲ್ಲಾ ಸಣ್ಣ ಸಣ್ಣ ಹುಡುಗೂರು. ಕೆಳಗ ಕೂತರ ಅವಕ್ಕ ಇನ್ನೂ ಚಂದ.”

ಮೋನಪ್ಪ ನನ್ನ ಮುಖ ನೋಡಿದ. ಕೀಳು ಎಂದೆ.

ಹಳೆಯ ಹಲಗೆಯ ಅಂಚನ್ನೂ ಹೊಸದರ ಅಂಚನ್ನೂ ಒಂದು ಮೊಳ ಉದ್ದಕ್ಕೆ ಓರೆಯಾಗಿ ಕೊಯ್ದು, ಒಂದರ ಮೇಲೊಂದು ಮಲಗಿಸಿ ಕೂಡಿಸಿದ. ಕೂದಲು ತೂರದು. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಕಟ್ಟಿಗೆಯನ್ನು ಕೆಡಿಸುತ್ತದೆಂದು ತಾಮ್ರದ ಮೊಳೆಯನ್ನೇ ಹೊಡೆದದ್ದು. ಸಂದುಗಳಿಗೆ ರಾಳದಲ್ಲಿ ಅದ್ದಿದ ಹತ್ತಿಯ ಬತ್ತಿಯನ್ನು ಲಾಡ್ಲೇಸಾಬ ಉಳಿಯಿಂದ ಒತ್ತಿ ಒತ್ತಿ ತುಂಬಿದ. ಅವನು ಬತ್ತಿ ತುಂಬುವುದನ್ನು ನೋಡಬೇಕು. ಇಂಥ ಕೈ ಇಡೀ ತಾಲೂಕಿನಲ್ಲಿ ಇನ್ನೊಂದಿಲ್ಲ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಮಧ್ಯಾಹ್ನ ಅಲ್ಲೇ ಉಂಡೆವು. ಚಮನಬೀಯ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಸ್ವಲ್ಪ ಹೆಚ್ಚು.

೪ ಜನವರಿ ೧೯೫೦, ಬುಧವಾರ

ನಾಳೆ ಕೊನೆಯ ದಿನ. ಬೆಳಗ್ಗೆ ಕೂತು ವರದಿಯನ್ನು ಮುಗಿಸಿದೆ. ಎರಡು ಪುಟ, ನಾಲ್ಕು ಹ್ಯಾವಿಂಗ್. ಒಂದು ಕಡೆಯೂ ಸುಳ್ಳಿಲ್ಲ. ಹಗೇವಿನ ಮಾತೂ ಇಲ್ಲ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೆರೆಗೆ ಹೋದೆ.

ಲಾಡ್ಲೇಸಾಬ ಒಬ್ಬನೇ ರೋಗನ್ನಿನ ಕೊನೆಯ ಕೈ ಹಚ್ಚುತ್ತಿದ್ದ. ವರದಿ ಬರೆದಿರೇನು ಎಂದು ಅವನೇ ಕೇಳಿದ. ಹೂಂ ಎಂದೆ. ಇಂಗ್ಲಿಷಿನಲ್ಲೇ ಎಂದ. ಹೂಂ ಎಂದೆ. ಕುಂಚ ಕೆಳಗಿಟ್ಟು ಕೈ ಒರೆಸಿಕೊಂಡ.

“ಬರೀರಿ ಸಾಹೇಬ್ರ, ನಿಮಗ ಹ್ಯಾಂಗ ಸರಿ ಕಾಣ್ತದ ಹಂಗ ಬರೀರಿ. ನಾ ಏನೂ ಅನ್ನಂಗಿಲ್ಲ. ಖರೇ, ಒಂದ ಸಲ ನನ್ನ ಎದುರಿಗೆ ಕೂತು ಅದನ್ನ ಕನ್ನಡದಾಗ ಓದಿ ಹೇಳ್ರಿ. ಏನಂತ ತೆಗದ್ರು ಅಂತ ಚಮನಬೀ ಕೇಳ್ತಾಳ, ನಾ ಹೇಳಬೇಕಲ್ಲ.”

ಜೇಬಿನಿಂದ ತೆಗೆದೆ. ಮೊದಲ ಸಾಲನ್ನು ಕನ್ನಡದಲ್ಲಿ ಕೂಡಿಸಿಕೊಂಡೆ: ನಾವಾಡಿಯು ತನ್ನ ಇಚ್ಛೆಯಿಂದ ಗೈರಾಗಿ… ಬಾಯಿಗೆ ಬರಲಿಲ್ಲ. ಇನ್ನೊಮ್ಮೆ ನೋಡಿದೆ. ಬರಲಿಲ್ಲ. ಕಣ್ಣು ಸರಿ ಕಾಣುತ್ತಿಲ್ಲ, ನಾಳೆ ಓದುತ್ತೇನೆ ಎಂದೆ. ಅವನು ಮತ್ತೆ ಕುಂಚ ಎತ್ತಿಕೊಂಡ.

ಮನೆಗೆ ಬಂದು ಬಾಗಿಲು ಹಾಕಿ ಕೂತಿದ್ದೇನೆ. ಇಲ್ಲಿ ಓದುವವರು ಯಾರೂ ಇಲ್ಲ, ಹಾಗಾಗಿ ಬರೆಯಬಹುದು. ಆ ಡಿಸೆಂಬರಿನಲ್ಲಿ ಗೋಗಿಯಿಂದ ಬಂದವನೇ ಲಾಡ್ಲೇಸಾಬ ದೋಣಿ ಎಲ್ಲಿ ಎಂದು ಕೇಳಿದ್ದ. ಹೇಳಿದೆ. ತೆರೆಯಿರಿ, ಕಟ್ಟಿಗೆ ಬೇಯುತ್ತದೆ ಎಂದಿದ್ದ. ಮೇಲಿನಿಂದ ಆರ್ಡರ್ ಬರಲಿ ಎಂದೆ. ಯುಗಾದಿಗೆ ಮತ್ತೆ ಕೇಳಿದ. ಅಷ್ಟೊತ್ತಿಗೆ ರೇಣಮ್ಮ ಹಾಸಿಗೆ ಹಿಡಿದಿದ್ದಳು. ಆ ಮಣ್ಣಿನ ಮೇಲೆ ಅವಳ ಐದು ಬೆರಳು, ಸವರಿದ ಒಂದೊಂದು ಗೆರೆ. ಅದಕ್ಕೆ ಹಾರೆ ಹಾಕಿಸುವುದು ನನ್ನಿಂದ ಆಗುತ್ತಿರಲಿಲ್ಲ. ಆರ್ಡರ್ ಎಂಬುದೆಲ್ಲ ನೆಪ. ಅವಳು ಅಷ್ಟು ಚಂದ ಮೆತ್ತಿದ್ದಕ್ಕೇ ಗಾಳಿ ಹೋಗಲಿಲ್ಲ ಎಂದು ಈಗ ಯಾರ ಮುಂದೆ ಹೇಳಲಿ? ಮೆತ್ತು ಎಂದವನು ನಾನು. ನಾನು ಹೇಳಿದ ಕೆಲಸವನ್ನು, ಹೇಳಿದ್ದಕ್ಕಿಂತ ಚೆನ್ನಾಗಿ, ಅವಳು ಮಾಡಿದಳು.

೫ ಜನವರಿ, ಗುರುವಾರ

ಕನ್ನಡದಲ್ಲಿ ಬರೆದೆ. ಒಂದೇ ಪುಟ. ಹೊತ್ತು ಏರುವ ಮೊದಲೇ ಕೆರೆಗೆ ಹೋಗಿ, ಬೋರಲು ದೋಣಿಯ ಪಕ್ಕದಲ್ಲಿ ನಿಂತು ಲಾಡ್ಲೇಸಾಬನಿಗೆ ಓದಿದೆ. ದೋಣಿಯನ್ನು ಹಸಿ ಇರುವಾಗಲೇ ಹಗೇವಿನಲ್ಲಿ ಹಾಕಿದವನು ಓವರ್‌ಸಿಯರನಾದ ನಾನು. ದಾಖಲೆ ಮಾಡದವನೂ ನಾನು. ನಾವಾಡಿ ಲಾಡ್ಲೇಸಾಬನು ತೆರೆಯಲು ಎರಡು ಸಲ ಕೇಳಿದರೂ ನಾನು ತೆರೆಯಲಿಲ್ಲ. ಕೊಳೆತದ್ದು ನನ್ನಿಂದ.

ಅವನು ಅಂದ, “ಎರಡ ಸಲ ಅಲ್ರಿ, ಮೂರ ಸಲ. ಮೂರನೇದು ಅಮ್ಮಾರು ಹೋದ ಮರುತಿಂಗಳ. ಆಗ ನೀವು ಕೇಳಿಸ್ಕೊಳ್ಳೂ ಸ್ಥಿತಿಯೊಳಗ ಇದ್ದಿಲ್ಲ. ಅದನ್ನ ಬಿಡ್ರಿ.”

ಬಿಡಲಿಲ್ಲ. ಪೆನ್ನು ತೆಗೆದು ಮೂರು ಎಂದು ತಿದ್ದಿದೆ. ತಿದ್ದಿದ ಕಡೆ ಸಹಿ ಹಾಕಿದೆ.

ಸಾಹೇಬರು ಎರಡು ಸಲ ಓದಿದರು. “ದೇವಿಂದ್ರಪ್ಪನವರ, ಇದರ ಅರ್ಥ ಏನಾಗ್ತದ ಗೊತ್ತದ ಇಲ್ಲೋ?” ಎಂದರು. ಗೊತ್ತಿದೆ ಎಂದೆ. ಈ ಕಾಗದವನ್ನು ಮೇಲೆ ಕಳಿಸಲೇಬೇಕಾಗುತ್ತದೆ ಎಂದರು. ಕಳಿಸಿರಿ, ಒಕ್ಕಣೆಯಲ್ಲಿ ತಪ್ಪಿದ್ದರೆ ಹೇಳಿರಿ ಎಂದೆ. ಒಂದೂ ತಪ್ಪಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಇದಕ್ಕಿಂತ ಚೊಕ್ಕ ಕಾಗದ ಬರೆದಿಲ್ಲ.

೨೩ ಜನವರಿ, ಸೋಮವಾರ

ಮೊನ್ನೆ ನೀರಿಗೆ ಇಳಿಸಿದಾಗ ಸೋರಿತು. ತಳದಲ್ಲಿ ಮೊಣಕಾಲುದ್ದ ನೀರು. ದಂಡೆಯಲ್ಲಿ ನಿಂತವರು ನಕ್ಕರು, ಒಬ್ಬ ಮೀನು ಸಾಕಿರೇನು ಎಂದ. ಮೋನಪ್ಪನ ಮುಖ ಬಿಳಿಚಿತು. ಲಾಡ್ಲೇಸಾಬ ಮಾತ್ರ ಬೀಡಿ ಹಚ್ಚಿದ. ಒಣಗಿದ ಹಲಗೆ ನೀರು ಕುಡಿದು ಉಬ್ಬಬೇಕು, ಎರಡು ದಿನ ಹಾಗೇ ಇರಲಿ ಎಂದ. ಇವತ್ತು ಬೆಳಗ್ಗೆ ನೀರನ್ನೆಲ್ಲ ತೋಡಿ ಹಾಕಿ ಒಣ ಬಟ್ಟೆಯಿಂದ ಒರೆಸಿದೆವು. ಸಂಜೆ ಕೈ ಆಡಿಸಿ ನೋಡಿದೆ. ಒಂದು ಹನಿ ಇಲ್ಲ.

ಆರ್ಡರೂ ಬಂತು. ಫೆಬ್ರುವರಿ ಒಂದರಿಂದ ಕೆರೆಯ ಚಾರ್ಜು ಬೇರೆಯವರಿಗೆ. ನಾನು ಯಾದಗಿರಿ ದಫ್ತರದಲ್ಲಿ ಗುಮಾಸ್ತ, ನೌಕರಿ ಮುಗಿಯುವವರೆಗೆ. ಲಾಡ್ಲೇಸಾಬ ನಾವಾಡಿಯಾಗಿ ಕಾಯಂ. ಎರಡೂ ಒಂದೇ ಕಾಗದದಲ್ಲಿವೆ, ಮೇಲೊಂದು ಕೆಳಗೊಂದು. ಕೆಳಗಿನದನ್ನು ಚಮನಬೀಗೆ ಕನ್ನಡದಲ್ಲಿ ಓದಿ ಹೇಳಿದೆ. ಮೇಲಿನದನ್ನೂ ಓದಿರಿ ಎಂದು ಅವಳು ಬಿಡಲಿಲ್ಲ. ಕೇಳಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

೨೬ ಜನವರಿ, ಗುರುವಾರ. ಕೆರೆಯ ಏರಿಯ ಮೇಲೆ

ಒಂಬತ್ತು ಸುತ್ತು ಹೋಯಿತು. ಸುತ್ತಿಗೆ ಹತ್ತು ಮಕ್ಕಳು, ತಳದ ಹಲಗೆಯ ಮೇಲೆ ಚಕ್ಕಳಮಕ್ಕಳ ಕೂತು. ಬಾತುಕೋಳಿಗಳು ಎದ್ದು ಹಾರಿದಾಗ ಒಂದು ಹುಡುಗಿ ಕೈ ತಟ್ಟುತ್ತ ನಿಂತುಬಿಟ್ಟಳು. ಕೂಡ್ರು ತಾಯಿ ಎಂದು ಲಾಡ್ಲೇಸಾಬ ಗದರಿದ್ದು ಏರಿಗೆ ಕೇಳಿಸಿತು. ಸಾಹೇಬರು ಭಾಷಣದಲ್ಲಿ ಇಲಾಖೆಯ ಶ್ರಮ ಎಂದರು. ಮೋನಪ್ಪ ನನ್ನ ಪಕ್ಕೆಗೆ ತಿವಿದು, ಇಲಾಖೆ ಅಂದರೆ ನಾನೋ ನೀವೋ ಎಂದು ಕೇಳಿದ.

ಎಲ್ಲರೂ ಹೋದ ಮೇಲೆ ಮೂವರೂ ಸೇರಿ ದೋಣಿಯನ್ನು ದಡಕ್ಕೆ ಎಳೆದು, ಒರೆಸಿ, ಕಲ್ಲುಗಳ ಮೇಲೆ ಬೋರಲು ಹಾಕಿದೆವು. ಕೆಳಗೆ ಕೈ ಹಿಡಿದು ನೋಡಿದೆ, ಗಾಳಿ ಆಚೆಯಿಂದ ಈಚೆಗೆ ಹಾಯುತ್ತಿತ್ತು. ಮೋನಪ್ಪ ಕಕ್ಕೇರಾದ ಬಂಡಿ ಹತ್ತಿದ. ನಾನು ಏರಿಯ ಮೇಲೆ ಕೂತು ಹೊಸ ಓವರ್‌ಸಿಯರರಿಗೆ ಚಾರ್ಜು ಪಟ್ಟಿ ಬರೆಯತೊಡಗಿದೆ. ಒಂದು ಪ್ರತಿ ಇಲ್ಲಿಯೂ ಇರಲಿ. ಬಳಸಿದ ದಿನವೇ ದೋಣಿಯನ್ನು ಮೇಲೆಳೆಯಬೇಕು. ಪಕ್ಕೆಗಳ ಬುಡದ ತೂತುಗಳನ್ನು ವಾರಕ್ಕೊಮ್ಮೆ ಕಡ್ಡಿಯಿಂದ ಬಿಡಿಸಬೇಕು. ಮಳೆನೀರು ಒಳಗೆ ನಿಲ್ಲಬಾರದು. ಮಳೆಗಾಲ ಮುಗಿದ ಕೂಡಲೇ ಕೊಡತಿಯಿಂದ ಬಡಿದು ದನಿ ಕೇಳಬೇಕು. ವರ್ಷಕ್ಕೊಮ್ಮೆ ರೋಗನ್ನು. ತಾಡಪತ್ರಿ ಹೊದಿಸಿದರೆ ಎರಡೂ ತುದಿ ತೆರೆದಿರಬೇಕು. ನೆಲದಲ್ಲಿ ಹೂಳಕೂಡದು, ಯಾವ ಕಾಲ ಬಂದರೂ.

ಲಾಡ್ಲೇಸಾಬ ಹುಟ್ಟುಗಳನ್ನು ಕಟ್ಟಿ ಬಂದು ಪಕ್ಕದಲ್ಲಿ ಕೂತ. ಕೊನೆಯ ಕಲಮನ್ನು ಅವನಿಗೆ ಓದಿ ಹೇಳಿದೆ. ದೋಣಿಯ ವಿಷಯದಲ್ಲಿ ನಾವಾಡಿ ಲಾಡ್ಲೇಸಾಬನು ಏನಾದರೂ ಹೇಳಿದರೆ ಮೊದಲನೆಯ ಸಲಕ್ಕೇ ಕೇಳತಕ್ಕದ್ದು, ಆರ್ಡರಿಗೆ ಕಾಯತಕ್ಕದ್ದಲ್ಲ.

“ಹಿಂತಾದ್ದೆಲ್ಲ ಸರಕಾರಿ ಕಾಗದದಾಗ ಬರೀತಾರೇನ್ರಿ?” ಎಂದ.

ಇನ್ನೂ ಐದು ದಿನ ನನ್ನ ಸಹಿ ನಡೆಯುತ್ತದೆ ಎಂದೆ. ಸಹಿ ಹಾಕಿದೆ, ದೊಡ್ಡದಾಗಿ. ಅವನು ಕಾಗದವನ್ನು ಇಸಕೊಂಡು ತನ್ನ ಹೆಸರು ಎಲ್ಲಿದೆ ಎಂದು ಕೇಳಿದ. ತೋರಿಸಿದೆ. ಬೆರಳಿಟ್ಟು ನೋಡುತ್ತಲೇ ಇದ್ದಾನೆ. ನಾನು ತಾರೀಖು ಹಾಕಬೇಕು, ಗೆರೆ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ.